ಭಾವನ ನಾಲ್ಕು ಸ್ವರ

ನನ್ನ ಆಯುಸ್ಸೆಲ್ಲ ಎರಡನೆಯ ಬಸೂನ್ ಊದುವುದರಲ್ಲೇ ಕಳೆಯಿತು. ಮೊದಲನೆಯ ಬಸೂನ್ ನನ್ನ ಭಾವನದು. ಬಸೂನ್ ಎಂದರೇನು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಮಡಿಸಿದ ಮರದ ಕೊಳವೆ, ಬಿಚ್ಚಿ ನೆಟ್ಟಗೆ ಮಾಡಿದರೆ ಆಳಿಗಿಂತ ಉದ್ದ. ಅದಕ್ಕೊಂದು ಬಾಗಿದ ಲೋಹದ ನಳಿಗೆ, ನಳಿಗೆಯ ತುದಿಗೆ ಜೊಂಡಿನ ಎರಡು ಸೀಳು ಸೇರಿಸಿ ದಾರ ಸುತ್ತಿದ ರೀಡ್. ಊದಿದರೆ ನೆಗಡಿಯಾದ ದೊಡ್ಡ ಮನುಷ್ಯರೊಬ್ಬರು ಗಂಭೀರವಾಗಿ ಮಾತಾಡಿದಂತೆ ಕೇಳುತ್ತದೆ. ನನ್ನ ಅಕ್ಕನನ್ನು ಮದುವೆಯಾದ ಮೇಲೆ ನನಗೆ ಅದನ್ನು ಕಲಿಸಿದವರು ಭಾವ, ಪಕ್ಕದ ಕುರ್ಚಿ ಕೊಡಿಸಿದವರು ಭಾವ, ಆ ಕುರ್ಚಿಯಿಂದ ಒಂದಂಗುಲ ಆಚೆ ಸರಿಯಲು ಬಿಡದವರೂ ಭಾವನೇ. ಇದನ್ನು ದೂರಾಗಿ ಹೇಳುತ್ತಿಲ್ಲ. ಅಥವಾ, ಸ್ವಲ್ಪ ದೂರಾಗಿಯೇ ಹೇಳುತ್ತಿದ್ದೇನೆ, ಹೋಗಲಿ.

ನಮ್ಮದು ಉತ್ಸವದ ವಾದ್ಯವೃಂದ. ವರ್ಷವೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಹೊಟ್ಟೆಪಾಡು ನೋಡಿಕೊಳ್ಳುತ್ತೇವೆ. ಒಬ್ಬ ಶಾಲೆಯಲ್ಲಿ ಪಾಠ ಹೇಳುತ್ತಾನೆ, ಇನ್ನೊಬ್ಬ ಪಿಯಾನೊ ರಿಪೇರಿ ಮಾಡುತ್ತಾನೆ, ನಮ್ಮ ಡೋಲಿನವನು ವಿಮೆ ಮಾರುತ್ತಾನೆ. ಬೇಸಿಗೆ ಮುಗಿಯುವ ಹೊತ್ತಿಗೆ ಸಂಗೀತೋತ್ಸವಕ್ಕೆಂದು ಎಲ್ಲರೂ ಬಂದು ಸೇರುತ್ತೇವೆ, ಕಳೆದ ವರ್ಷದ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತೇವೆ. ಆ ದಿನಗಳಲ್ಲಿ ನಾನೂ ಅಕ್ಕನ ಮಗಳೂ ಅಕ್ಕನ ಮನೆಯಲ್ಲೇ ಇಳಿದುಕೊಳ್ಳುತ್ತೇವೆ. ಅಕ್ಕನ ಮಗಳು ಎರಡನೆಯ ಕ್ಲಾರಿನೆಟ್. ಕುಳ್ಳಗೆ, ಸಣಕಲಾಗಿ ಇದ್ದಾಳೆಂದು ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತೇವೆ. ಬೇಕಾದಾಗ ಕೆಳದನಿಯ ಬಾಸ್ ಕ್ಲಾರಿನೆಟ್ ಊದುವ ಕೆಲಸವೂ ಅವಳದೇ. ಆ ವಾದ್ಯ ಅವಳಷ್ಟೇ ಎತ್ತರ. ದೂರದಿಂದ ನೋಡಿದರೆ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ತಿಳಿಯುವುದಿಲ್ಲ.

ಈ ವರ್ಷದ ಉತ್ಸವ ಪೂರ್ತಿ ರಷ್ಯನ್ ಸಂಗೀತದ್ದು. ಕೊನೆಯ ಭಾನುವಾರ ಮಧ್ಯಾಹ್ನಕ್ಕೆ ಒಂದು ದೊಡ್ಡ ಸಿಂಫನಿ ಇಟ್ಟಿದ್ದರು. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುವ ಸಂಗೀತ ಅದು. ಪಟ್ಟಿಯಲ್ಲಿ ಅದರ ಹೆಸರು ನೋಡಿದ ದಿನ ಭಾವ ಅಡುಗೆಮನೆಗೆ ಬಂದು ಅಕ್ಕನ ಹೆಗಲು ತಟ್ಟಿದರಂತೆ. ಅಕ್ಕನಿಗೆ ಗಾಬರಿಯಾಯಿತಂತೆ. ಹೆಗಲು ತಟ್ಟುವ ಪೈಕಿ ಅಲ್ಲ ನಮ್ಮ ಭಾವ.

ಅವರ ಸಂತೋಷಕ್ಕೆ ಕಾರಣ ನಾಲ್ಕೇ ನಾಲ್ಕು ಸ್ವರ. ಆ ಸಿಂಫನಿಯ ಮೊದಲ ಭಾಗದ ನಡುವೆ ಕ್ಲಾರಿನೆಟ್ ಒಂದು ರಾಗ ಹಿಡಿದು ಮೆಟ್ಟಿಲಿಳಿದಂತೆ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತದೆ, ಇಳಿಯುತ್ತ ಮೆತ್ತಗಾಗುತ್ತದೆ. ಕೊನೆಯ ನಾಲ್ಕು ಸ್ವರಕ್ಕೆ ಬರುವಾಗ ಕ್ಲಾರಿನೆಟ್ಟಿನ ತಳ ಮುಟ್ಟಿರುತ್ತದೆ. ಆ ನಾಲ್ಕನ್ನು ಸಿಂಫನಿ ಬರೆದವನು ಬಸೂನಿಗೆ ಬಿಟ್ಟಿದ್ದಾನೆ. ಮೆಲ್ಲಗೆ ಎನ್ನುವ ಗುರುತನ್ನು ಅವುಗಳ ಕೆಳಗೆ ಒಂದರ ಪಕ್ಕ ಒಂದು ಸಾಲಾಗಿ ಹಾಕಿದ್ದಾನೆ, ಉಸಿರಿಗಿಂತ ಮೆಲ್ಲಗೆ ಬೇಕು ಎನ್ನುವಂತೆ. ಅದು ಮುಗಿದ ಮರುಕ್ಷಣ ಇಡೀ ವಾದ್ಯವೃಂದ ಒಟ್ಟಿಗೆ ಸಿಡಿಯುತ್ತದೆ. ಆದರೆ ಬಸೂನಿನ ಕೆಳಸ್ವರಗಳು ಮೊಂಡು. ಮೆಲ್ಲಗೆ ಬಾ ಎಂದರೆ ಒಂದೋ ಗೊರಕೆ ಹೊಡೆದುಕೊಂಡು ಬರುತ್ತವೆ, ಇಲ್ಲವೇ ಬರುವುದೇ ಇಲ್ಲ. ಆದ್ದರಿಂದ ವಾದ್ಯವೃಂದದ ಮುಂದೆ ನಿಂತು ಕೋಲಾಡಿಸುವ ಎಷ್ಟೋ ಕಂಡಕ್ಟರುಗಳು ಆ ನಾಲ್ಕು ಸ್ವರವನ್ನು ಬಸೂನಿನಿಂದ ಕಿತ್ತು ಬಾಸ್ ಕ್ಲಾರಿನೆಟ್ಟಿಗೆ ಕೊಟ್ಟುಬಿಡುತ್ತಾರೆ. ಬಾಸ್ ಕ್ಲಾರಿನೆಟ್ ಬೆಣ್ಣೆಯಂಥ ವಾದ್ಯ, ಎಷ್ಟು ಮೆಲ್ಲಗೆ ಎಂದರೆ ಅಷ್ಟು ಮೆಲ್ಲಗೆ ಬರುತ್ತದೆ. ಭಾವ ತಮ್ಮ ಆಯುಸ್ಸಿನಲ್ಲಿ ಆ ಸಿಂಫನಿಗೆ ಕೂತಾಗಲೆಲ್ಲ ಹೀಗೇ ಆಗಿತ್ತು. ಪ್ರತಿ ಸಲವೂ ತಮ್ಮ ಹಾಳೆಯಲ್ಲಿದ್ದ ಸ್ವರವನ್ನು ಇನ್ನೊಬ್ಬರು ಊದುವುದನ್ನು ಕೈಕಟ್ಟಿ ಕೇಳಿದ್ದರು.

ಈ ಸಲ ಹಾಗಾಗುವುದಿಲ್ಲ ಎಂದುಕೊಂಡಿದ್ದರು. ಇದು ಅವರ ಕೊನೆಯ ಉತ್ಸವ ಎಂದು ಎಲ್ಲರಿಗೂ ಗೊತ್ತಿತ್ತು. ಶ್ವಾಸಕೋಶ ಸೋತಿತ್ತು. ಹೋದ ಚಳಿಗಾಲಕ್ಕೆ ಮೊದಲೇ ವಾದ್ಯ ಕೆಳಗಿಡಿ ಎಂದು ವೈದ್ಯೆ ಹೇಳಿದ್ದರೂ ಇವರು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ತಾಲೀಮಿನ ಕಟ್ಟಡದ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಮೇಲಿನ ಬೆಂಕಿ ಆರಿಸುವ ಸೂಚನೆಗಳನ್ನು ಓದುತ್ತಿದ್ದರು. ಅಷ್ಟು ಆಸಕ್ತಿಯಿಂದ ಅದನ್ನು ಓದಿದವರು ಬೇರೆ ಯಾರೂ ಇರಲಾರರು. ನಾನೂ ಪಕ್ಕದಲ್ಲಿ ನಿಂತು ಓದುತ್ತಿದ್ದೆ.

ಆ ನಾಲ್ಕು ಸ್ವರಕ್ಕೆಂದೇ ಭಾವ ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ ಒಂದು ರೀಡ್ ಕೆತ್ತಿದರು. ಚಾಕುವಿನಿಂದ ಒಂದು ಎಳೆ ತೆಗೆಯುವುದು, ನಾಲಿಗೆಯಲ್ಲಿ ಒದ್ದೆ ಮಾಡಿ ಊದಿ ನೋಡುವುದು, ಬೆಳಕಿಗೆ ಹಿಡಿಯುವುದು, ಇನ್ನೊಂದು ಎಳೆ ತೆಗೆಯುವುದು. ಬೆಳಿಗ್ಗೆ ಎದ್ದವರೇ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ. ಹೊರಗೆ ಏನೂ ಕೇಳುತ್ತಿರಲಿಲ್ಲ. ಕೇಳಿಸುತ್ತಿಲ್ಲವಲ್ಲ ಎಂದರೆ, "ಅದೇ ಮತ್ತೆ, ಕೇಳಿಸಬಾರದು," ಎಂದು ಮೀಸೆಯಡಿ ನಗುತ್ತಿದ್ದರು.

ಈ ಸಲದ ಕಂಡಕ್ಟರ್ ಇನ್ನೂ ಎಳಬ. ಟಿಕೆಟ್ ಹರಿಯುವುದೊಂದು ಬಿಟ್ಟು ಉಳಿದ ದರ್ಬಾರೆಲ್ಲ ಬಸ್ಸಿನ ಕಂಡಕ್ಟರದೇ: ಮುಂದೆ ಹೋಗಿ, ಹಿಂದೆ ಸರಿಯಿರಿ, ನಿಲ್ಲಿಸಿ, ಹೊರಡಿ. ಆದರೆ ವಿನಯವಂತ. ಮೊದಲ ತಾಲೀಮಿನಲ್ಲೇ ಆ ಜಾಗಕ್ಕೆ ಬರುವ ಮೊದಲು ಕೋಲು ಕೆಳಗಿಳಿಸಿ, "ಆ ಕೊನೇ ನಾಲ್ಕು ಬಾಸ್ ಕ್ಲಾರಿನೆಟ್ ಊದಲಿ. ಬಸೂನ್ ಬೇಡ. ಥ್ಯಾಂಕ್ಯೂ ಸರ್," ಎಂದ.

ಭಾವ ಬಸೂನನ್ನು ಮಡಿಲಿಗಿಳಿಸಿದರು. ಗುಬ್ಬಿಯೇ ಕೈಯೆತ್ತಿದಳು.

"ಸರ್, ಒಂದ್ಸಲ ಬಸೂನಿನಲ್ಲೇ ಕೇಳಿ ನೋಡಿ."

"ಬೇಡ ಮೇಡಂ. ಎಲ್ಲಾ ಕಡೆ ಹೀಗೇ ಮಾಡ್ತಾರೆ. ಅಲ್ಲಿ ನನಗೆ ಸ್ವಲ್ಪಾನೂ ರಿಸ್ಕ್ ಬೇಡ."

ಅವನ ಮಾತಿನಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು. ಗುಬ್ಬಿ ಬಾಸ್ ಕ್ಲಾರಿನೆಟ್ ಎತ್ತಿಕೊಂಡು ಊದಿದಳು. ನಾಲ್ಕು ಸ್ವರವೂ ಕತ್ತಲೆಗೆ ಜಾರಿಕೊಂಡಂತೆ ಬಂದವು. ಅಷ್ಟು ಚೆನ್ನಾಗಿ ಊದಬಾರದಿತ್ತು ಎಂದು ನನಗೆ ಅನಿಸಿತು.

ಅಂದಿನಿಂದ ಭಾವ ಮಗಳ ಜೊತೆ ಮಾತು ಬಿಟ್ಟರು. ಊಟದ ಮೇಜಿನಲ್ಲಿ ಎದುರಿಗೇ ಕೂತಿದ್ದವಳನ್ನು ಬಿಟ್ಟು ನನಗೆ, "ಉಪ್ಪಿನ ಡಬ್ಬಿ ಈ ಕಡೆ ತಳ್ಳೋಕೆ ಹೇಳಯ್ಯ," ಎನ್ನುತ್ತಿದ್ದರು. ಗುಬ್ಬಿ ಮುಖ ಊದಿಸಿಕೊಂಡು ತಳ್ಳುತ್ತಿದ್ದಳು. ಒಂದು ದಿನ ಅಕ್ಕನಿಗೆ ತಡೆಯಲಾಗಲಿಲ್ಲ.

"ಅವಳೇನ್ ಮಾಡ್ತಾಳ್ರೀ? ಕೊಟ್ಟ ಕೆಲಸ ಮಾಡ್ತಾಳೆ. ಆ ಹುಡುಗನ ಮೇಲಿನ ಸಿಟ್ಟನ್ನ ಇವಳ ಮೇಲೆ ತೀರಿಸ್ಕೊಂಡ್ರೆ?"

"ಬೇರೆ ಯಾರಾದ್ರೂ ಊದಿದ್ರೆ ನನಗೇನೂ ಇರ್ತಿರ್ಲಿಲ್ಲ," ಎಂದರು ಭಾವ. "ಇಷ್ಟು ಸಲ ನುಂಗ್ಕೊಂಡಿಲ್ವಾ? ಈಗ ನಾನು ಸಾಯೋ ಹೊತ್ತಿಗೆ ನನ್ನ ಮಗಳ ಕೈಲೇ ಕೊಡಬೇಕಿತ್ತಾ? ನನ್ನ ಕೈಲಿ ಆಗುತ್ತೆ ಕಣೆ ಅದು. ಆಗುತ್ತೆ. ಯಾರೂ ಒಂದ್ಸಲಾನೂ ಕೇಳ್ಲಿಲ್ಲ."

ಮಾತು ಮುಗಿಯುವುದರೊಳಗೆ ಕೆಮ್ಮು ಬಂತು. ಗುಬ್ಬಿ ಎದ್ದು ನೀರು ತಂದಿಟ್ಟಳು. ಭಾವ ಆ ಲೋಟ ಮುಟ್ಟಲಿಲ್ಲ. ನನ್ನ ಲೋಟವನ್ನು ಎತ್ತಿ ಕುಡಿದರು.

ಭಾನುವಾರ ಕಛೇರಿಗೆ ಮುಂಚೆ ವೇದಿಕೆಯ ಹಿಂದಿನ ಕಾರಿಡಾರಿನಲ್ಲಿ, ವಾದ್ಯದ ಪೆಟ್ಟಿಗೆಗಳನ್ನು ಜೋಡಿಸಿದ್ದ ಮೂಲೆಗೆ ಗುಬ್ಬಿ ನನ್ನನ್ನು ಎಳೆದುಕೊಂಡು ಹೋದಳು. ಕಪ್ಪು ಉಡುಪಿನಲ್ಲಿ ಮುಖ ಬಿಳಿಚಿಕೊಂಡಿತ್ತು.

"ಮಾವ, ಆ ನಾಲ್ಕು ನಾನು ಊದಲ್ಲ. ಅಪ್ಪನಿಗೆ ಹೇಳ್ಬಿಡು, ಅವರೇ ಊದ್ಲಿ."

"ತಲೆ ಕೆಟ್ಟಿದ್ಯಾ? ಆ ಕೋಲಿನವನು ನಿನ್ನ ಬಿಡ್ತಾನಾ? ಮುಂದಿನ ವರ್ಷ ಈ ಕಟ್ಟಡದ ಹತ್ರಾನೂ ಸೇರಿಸಲ್ಲ."

"ಸೇರಿಸದಿದ್ರೆ ಬೇಡ. ಮುಂದಿನ ವರ್ಷ ಅಪ್ಪ ಇರ್ತಾರಾ?"

"ಒಂದು ವೇಳೆ..." ಎಂದು ಶುರುಮಾಡಿದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಆಗುತ್ತೆ ಅಂತ ಅವರೇ ಹೇಳ್ತಿದಾರಲ್ಲ ಮಾವ."

ಮೊದಲ ಬೆಲ್ ಆಗುವಾಗ ಭಾವ ಪುಟ್ಟ ಬಟ್ಟಲಿನ ನೀರಿನಲ್ಲಿ ರೀಡ್ ನೆನೆಸಿ ಕೂತಿದ್ದರು. ನಾನು ಬಗ್ಗಿ ಕಿವಿಯಲ್ಲಿ ಹೇಳಿದೆ. ಅವರು ಮಗಳು ಕೂತಿದ್ದ ಕಡೆ ತಿರುಗಲೇ ಇಲ್ಲ. ನೀರಿನಿಂದ ರೀಡ್ ತೆಗೆದು ಕೊಡವಿದರು. ಮುಖ ಮಾತ್ರ ಮದುವೆ ಗೊತ್ತಾದ ಹುಡುಗನ ಮುಖದಂತಿತ್ತು. ಆ ಮುಖ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಸಿಂಫನಿ ಶುರುವಾಗುವುದೇ ಬಸೂನಿನಿಂದ. ಕೆಳಗಿನ ಕತ್ತಲಲ್ಲಿ ತಡವರಿಸಿಕೊಂಡು ಬರುವ ಆ ಮೊದಲ ಸಾಲನ್ನು ಭಾವ ತುಂಬ ಚೆನ್ನಾಗಿ ಊದಿದರು. ಇವರ ಮೇಲೆ ನನಗಿರುವ ದೂರುಗಳನ್ನೆಲ್ಲ ಆ ಸಾಲಿಗೋಸ್ಕರ ಹೊಟ್ಟೆಗೆ ಹಾಕಿಕೊಳ್ಳಬಹುದು ಎನಿಸಿತು. ಅದೇ ತಪ್ಪಾಯಿತೋ ಏನೋ. ಇದ್ದ ಗಾಳಿಯನ್ನೆಲ್ಲ ಅಲ್ಲೇ ಸುರಿದುಬಿಟ್ಟಿದ್ದರು. ಆಮೇಲಿನ ಜೋರಿನ ಭಾಗಗಳಲ್ಲಿ ಅವರ ಪಕ್ಕೆ ಎದ್ದುಬೀಳುವುದು ನನ್ನ ಮೊಣಕೈಗೆ ತಾಗುತ್ತಿತ್ತು. ಇಬ್ಬರೂ ಒಟ್ಟಿಗೆ ಊದುವ ಕಡೆ ನಾನು ಸ್ವಲ್ಪ ಹೆಚ್ಚು ಊದಿದೆ, ಅವರು ಸ್ವಲ್ಪ ಕಡಿಮೆ ಊದಲಿ ಎಂದು.

ಆ ಜಾಗ ಬಂತು. ಪಿಟೀಲುಗಳೆಲ್ಲ ಅಡಗಿದವು. ಕ್ಲಾರಿನೆಟ್ ಮೆಟ್ಟಿಲಿಳಿಯತೊಡಗಿತು. ಸಭೆಯಲ್ಲಿ ಒಬ್ಬರೂ ಅಲ್ಲಾಡುತ್ತಿರಲಿಲ್ಲ. ಕಂಡಕ್ಟರ್ ಎಡಗೈಯನ್ನು ಗುಬ್ಬಿಯ ಕಡೆ ಚಾಚಿದ. ಗುಬ್ಬಿ ಬಾಸ್ ಕ್ಲಾರಿನೆಟ್ ಹಿಡಿದಿದ್ದಳು, ಆದರೆ ತುಟಿಗೆ ಇಟ್ಟಿರಲಿಲ್ಲ. ಭಾವ ರೀಡನ್ನು ತುಟಿಗಿಟ್ಟರು, ಉಸಿರೆಳೆದರು, ಊದಿದರು.

ಬಂದದ್ದು ಗಾಳಿ. ಸೈಕಲ್ಲಿನ ಟ್ಯೂಬಿನಿಂದ ಗಾಳಿ ಹೋದಂತೆ ಒಂದು ಸಣ್ಣ ಸುಯ್ ಸದ್ದು, ಅದೂ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು. ಅವರ ಬೆರಳುಗಳು ಒಂದನೆಯ ಸ್ವರದಿಂದ ಎರಡನೆಯದಕ್ಕೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಎಳ್ಳಷ್ಟೂ ತಪ್ಪದೆ ಹೋದವು. ಕತ್ತಿನ ನರ ಉಬ್ಬಿತ್ತು. ಸ್ವರ ಒಂದೂ ಬರಲಿಲ್ಲ. ನನ್ನ ಬಸೂನ್ ನನ್ನ ಮಡಿಲಲ್ಲೇ ಇತ್ತು, ರೀಡ್ ಒದ್ದೆಯಿತ್ತು. ನಾನು ಊದಬಹುದಿತ್ತು. ಆದರೆ ಆ ಸ್ವರವನ್ನು ಅವರಿಂದ ಕಿತ್ತುಕೊಳ್ಳುವವರ ಸಾಲಿಗೆ ಈ ಕೊನೆಯ ಕ್ಷಣದಲ್ಲಿ ನಾನೂ ಸೇರಲೇ? ಕಂಡಕ್ಟರನ ಕೋಲು ಖಾಲಿ ಗಾಳಿಯಲ್ಲಿ ತಾಳ ಹಾಕಿತು. ಆಮೇಲೆ ವಾದ್ಯವೃಂದ ಸಿಡಿಯಿತು, ಮುಂದಿನ ಸಾಲಿನ ಹೆಂಗಸೊಬ್ಬರು ಕುರ್ಚಿಯಲ್ಲೇ ಹಾರಿಬಿದ್ದರು. ಅಲ್ಲೊಂದು ಗುಂಡಿ ಬಿದ್ದಿತ್ತೆಂದು ಸಭೆಗೆ ಗೊತ್ತೇ ಆಗಲಿಲ್ಲ.

ಉಳಿದ ಭಾಗವನ್ನು ಹೇಗೆ ಊದಿದೆವೋ ನನಗೆ ನೆನಪಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬೊಬ್ಬ ವಾದಕರನ್ನು ಎಬ್ಬಿಸಿ ನಿಲ್ಲಿಸುವಾಗ ಕಂಡಕ್ಟರ್ ಭಾವನನ್ನೂ ಎಬ್ಬಿಸಿದ, ಶುರುವಿನಲ್ಲಿ ಊದಿದ ಆ ಸಾಲಿಗಾಗಿ. ಭಾವ ಕುರ್ಚಿಯ ಬೆನ್ನು ಹಿಡಿದು ನಿಂತು ತಲೆಬಾಗಿದರು.

ಒಳಗೆ ಬಂದವನೇ ಕಂಡಕ್ಟರ್ ನೇರ ಗುಬ್ಬಿಯ ಹತ್ತಿರ ಹೋದ. ಅವನ ವಿನಯವೆಲ್ಲ ವೇದಿಕೆಯ ಮೇಲೇ ಉಳಿದಿತ್ತು.

"ಏನಾಯ್ತು ಮೇಡಂ? ನಾನು ಕೈ ತೋರಿಸಿದೆನಲ್ಲ?"

"ಎಣಿಕೆ ತಪ್ಪಿತು ಸರ್. ನನ್ನದೇ ತಪ್ಪು."

"ಇದು ಎಣಿಕೆ ತಪ್ಪೋ ಜಾಗಾನಾ?" ಎಂದ. ಮುಂದಿನ ವರ್ಷ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಎಲ್ಲರೆದುರಿಗೇ ಹೇಳಿ ಹೊರಟುಹೋದ. ಗುಬ್ಬಿ ಏನೂ ಆಗದವಳಂತೆ ಬಾಸ್ ಕ್ಲಾರಿನೆಟ್ಟಿನ ಕೀಲುಗಳನ್ನು ಬಿಚ್ಚತೊಡಗಿದಳು.

ಭಾವ ಮೂಲೆಯ ಬೆಂಚಿನಲ್ಲಿ ಕೂತು, ಬಸೂನಿನ ಕೊಳವೆಯೊಳಗೆ ಬಟ್ಟೆ ಇಳಿಸಿ ಎಳೆಯುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ಮಗಳು ತಮ್ಮಿಂದಾಗಿ ಬೈಸಿಕೊಳ್ಳುವಾಗ ಒಂದು ಮಾತಾಡಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾಲ್ಕು ಮಾತು ಆಡಿಯೇ ಬಿಡೋಣವೆಂದು ಹೋಗಿ ಎದುರಿಗೆ ನಿಂತೆ. ಅವರು ತಲೆಯೆತ್ತದೆ ಕೇಳಿದರು:

"ನೀನು ಪಕ್ಕದಲ್ಲೇ ಇದ್ದೆಯಲ್ಲಯ್ಯ. ನಿನಗಾದ್ರೂ ಕೇಳಿಸ್ತಾ?"

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಅಷ್ಟು ಮೆಲ್ಲಗೆ ಊದಿದ್ದೇನೆ, ಯಾರಿಗೂ ಕೇಳದಷ್ಟು ಮೆಲ್ಲಗೆ, ಹಾಗಿರಬಹುದಲ್ಲವೇ ಎಂದು ಅವರು ನನ್ನನ್ನು ಬೇಡುತ್ತಿದ್ದರು. ಹೂಂ ಎಂದರೆ ಮುಗಿಯುತ್ತಿತ್ತು. ಬೆನ್ನ ಹಿಂದಿನಿಂದ ಗುಬ್ಬಿಯ ದನಿ ಬಂತು.

"ನನಗೆ ಕೇಳಿಸ್ತು ಅಪ್ಪ. ನಾಲ್ಕೂ ಕೇಳಿಸ್ತು."

ಭಾವ ತಲೆಯೆತ್ತಿ ಮಗಳ ಮುಖ ನೋಡಿದರು. ಮಾತು ಬಿಟ್ಟ ಮೇಲೆ ಅದೇ ಮೊದಲು.

"ಸುಳ್ಳು ಹೇಳ್ಬೇಡ ಗುಬ್ಬಿ. ನನಗೇ ಕೇಳಿಸ್ಲಿಲ್ಲ."

ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಮಾತಾಡಿದ್ದು ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಆಡಿದ್ದರೆ ಚೆನ್ನಾಗಿತ್ತು.

"ಅವನು ಕಿತ್ಕೊಂಡಿದ್ದೇ ಸರಿ ಇತ್ತು. ಅವರೆಲ್ಲ ಕಿತ್ಕೊಂಡಿದ್ದೇ ಸರಿ ಇತ್ತು. ನನ್ನ ಕೈಲಿ ಆಗ್ತಿತ್ತು, ಇವರು ಬಿಡ್ಲಿಲ್ಲ ಅಂತ ಬೈಕೊಂಡು ಇಷ್ಟು ವರ್ಷ ಬದುಕಿದೆ. ಹಾಗೇ ಬೈಕೊಂಡು ಸಾಯಬಹುದಿತ್ತು." ಉಸಿರಿಗೆಂದು ಸ್ವಲ್ಪ ನಿಲ್ಲಿಸಿದರು. "ನೀನು ಕೊಡಬಾರದಿತ್ತು ಕಣೆ."

ಗುಬ್ಬಿ ಅವರ ಕಾಲ ಬಳಿ ನೆಲದ ಮೇಲೆ ಕೂತಳು. ಅವರಿಗಾಗಿ ತನ್ನ ಕುರ್ಚಿಯನ್ನೇ ಕಳೆದುಕೊಂಡು ಬಂದ ಹುಡುಗಿ ಅವರ ಮೊಣಕಾಲಿಗೆ ಹಣೆಯಿಟ್ಟು, "ತಪ್ಪಾಯ್ತು ಅಪ್ಪ," ಎಂದಳು.

ಹೋಗಲಿ ಬಿಡು ಎಂದು ಭಾವ ಹೇಳುತ್ತಾರೆಂದು ನಾನು ಕಾದೆ. ಹೇಳಲಿಲ್ಲ.