ನಿಖಿತಾಳ ಖಾಲಿ ಕೋಣೆ

ಹುಲ್ಲಿನ ವಾಸನೆ, ಬ್ಲಾಂಚರ್ಡ್ಸ್‌ಟೌನಿನ ಮನೆಯೊಳಗೆ ಒಣಹುಲ್ಲಿನ ವಾಸನೆ ಎಲ್ಲಿಂದ, ಓ ಈ ಚಾಪೆಯದು, ತತಾಮಿ ಅಂತೆ, ಜಪಾನಿನಿಂದಲೇ ತರಿಸಿದ್ದಂತೆ, ಜಯಶೀಲಾ ಕಾಲ್ಬೆರಳಿನಿಂದ ಒತ್ತಿ ನೋಡಿದಳು, ಹಿತವಾಗಿದೆ, ಇರದೆ ಇನ್ನೇನು, ಸ್ವಂತ ಮನೆಯವರ ಚಾಪೆ — ಹೊರಗೆ ಈ ಪರದೇಶದ ಅದೇ ಹಾಳು ಮೋಡ, ಕಾಗದದ ಜಾರುಬಾಗಿಲು ದಾಟಿ ಬಂದದ್ದೇ ಬೆಳಕು ನೀರುಮಜ್ಜಿಗೆಯಷ್ಟು ತಿಳಿ, ಈ ಗೆಳತಿ ನಿಖಿತಾಳ ಕೈಯಿಂದ ಆಕಾಶವೂ ಲಂಚ ತಿಂದಿರಬೇಕು. ಒಂದು ಗಿಡ್ಡ ಮೇಜು, ಗೋಡೆಯ ಗೂಡಿನಲ್ಲಿ ಮಣ್ಣಿನ ಹೂಜಿ, ಅದರಲ್ಲಿ ಬೇಲಿಯಿಂದ ಮುರಿದು ತಂದ ಒಂದೇ ಒಂದು ಕೊಂಬೆ, ಅಷ್ಟೇ, ಮತ್ತೇನೂ ಇಲ್ಲ, ಎಷ್ಟು ಚೆನ್ನಾಗಿದೆ, ಸುಡುಗಾಡು, ಎಷ್ಟು ಚೆನ್ನಾಗಿದೆ. ಬೇಡದ್ದನ್ನೆಲ್ಲ ಬಿಟ್ಬಿಡೋದು ಕಣೇ, ಮನಸ್ಸು ಹಗುರ ಆಗತ್ತೆ, ಎನ್ನುತ್ತಿದ್ದಾಳೆ ನಿಖಿತಾ, ಬಿಟ್ಟದ್ದು ಎಲ್ಲಿಗೆ ಹೋಯಿತು ಅಂತಲೂ ಹೇಳೇ ಮಹಾರಾಯ್ತಿ, ಗ್ರೈಂಡರು, ಸೂಟ್‌ಕೇಸುಗಳು, ದಸರಾ ಗೊಂಬೆಗಳ ಪೆಟ್ಟಿಗೆಗಳು, ಪೇಂಟ್ ಮುಗಿಯೋವರ್ಗೂ ನಿಮ್ಮನೇಲಿರ್ಲಿ ಎಂದದ್ದು ಹೋದ ಚಳಿಗಾಲ, ತನ್ನ ಗಂಡ ಸತ್ಯಪ್ರಕಾಶನೇ ಕಾರಿನಲ್ಲಿ ಹೇರಿಕೊಂಡು ಬಂದದ್ದು, ಪೆಟ್ಟಿಗೆಗಳಿಗೆ ಸೀಟ್‌ಬೆಲ್ಟ್ ಹಾಕಿ ನಗುತ್ತ — ಇವಳ ಪಟ್ಟದ ಗೊಂಬೆಗಳು, ರಾಜ ರಾಣಿ ಇಬ್ಬರೂ, ಗೋಡೆಗೆ ಮೊಳೆ ಹೊಡೆಯಲೂ ಓನರ್ ಬಿಡದ ತಮ್ಮ ಬಾಡಿಗೆ ಮನೆಯ ಬಾಕ್ಸ್ ರೂಮೆಂಬ ಪುಟ್ಟ ಕೋಣೆಯಲ್ಲಿ ಹಾಯಾಗಿ ಮಲಗಿದ್ದಾರೆ, ಊರಿಂದ ಬರಬೇಕಾದ ತನ್ನ ಅಮ್ಮನಿಗೆ ಮಾತ್ರ ಜಾಗವಿಲ್ಲ. ಅತ್ತೇನ ಕರೆಸಿದ್ರೆ ಎಲ್ಲಿ ಮಲಗಿಸ್ತೀಯ, ಆ ರೂಮಲ್ಲಿ ಕಾಲಿಡೋಕಾಗಲ್ಲ, ಎಂದದ್ದೂ ಇದೇ ಗಂಡ, ಈಗ ನೋಡು, ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿ ಕುಳಿತಿದ್ದಾನೆ, ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದರೆ ಮನೆಯಲ್ಲಿ ಮುಖ ಗಂಟು, ಇಲ್ಲಿ ಸಾಕ್ಷಾತ್ ಬುದ್ಧ, ಮನೆ ಅಂದ್ರೆ ಹೀಗಿರ್ಬೇಕು ನೋಡು ಜಯಾ ಎಂದನಲ್ಲ, ಹೌದು ಹೊಟ್ಟೆಕಿಚ್ಚೇ, ಯಾರಿಂದ ಮುಚ್ಚಿಡಬೇಕು.

ಇವತ್ತು ಹೇಳಿಯೇಬಿಡಬೇಕು, ನಿನ್ನ ಸಾಮಾನೆಲ್ಲ ತಗೊಂಡ್ಹೋಗು, ಅಮ್ಮ ಬರ್ತಿದಾರೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದು, ಹೊರಬಿದ್ದದ್ದು ಮಾತ್ರ ಕೊನೆಯ ತುಂಡು, ಅಮ್ಮ ಬರ್ತಿದಾರೆ, ಅಷ್ಟಕ್ಕೇ ನಿಖಿತಾ ಕೈ ಹಿಡಿದುಕೊಂಡಳು, ಅಯ್ಯೋ ಎಷ್ಟು ಒಳ್ಳೇದಾಯ್ತು, ಇಲ್ಲೇ ಇರ್ಲಿ ಕಣೇ, ಈ ರೂಮಲ್ಲೇ, ನಿಮ್ಮನೇಲಿ ಪಾಪ ಜಾಗ ಎಲ್ಲಿದೆ — ಕಪಟವಿಲ್ಲ, ನಿಜವಾದ ಪ್ರೀತಿಯಿಂದಲೇ ಅಂದಳು, ಅದಕ್ಕೇ ಇನ್ನಷ್ಟು ಉರಿ — ಸತ್ಯಪ್ರಕಾಶ ಕಣ್ಣು ಬಿಟ್ಟು, ಇಲ್ಲಿನವರ ಧಾಟಿಯಲ್ಲೇ, ಗ್ರ್ಯಾಂಡ್, ಮುಗೀತಲ್ಲ ನಿನ್ ಚಿಂತೆ, ಎಂದ, ತನ್ನ ಬಾಯಿಯೂ ತನಗೇ ತಿಳಿಯದಂತೆ ಥ್ಯಾಂಕ್ಸ್ ಕಣೇ ಎಂದುಬಿಟ್ಟಿತು. ಅಮ್ಮ ಒಪ್ಪುವುದಿಲ್ಲ, ಒಪ್ಪುವುದಿಲ್ಲವೇ, ಹಾಸಿಗೆ ಬಿಟ್ಟು ನೆಲಕ್ಕಿಳಿದು ಮಲಗುವವಳು, ಈ ಚಾಪೆ ಕಂಡರೆ ಬೆನ್ನಿಗೆ ಎಷ್ಟು ಸುಖ ಅನ್ನುತ್ತಾಳೆ, ನಿಖಿತಾ ಬೆಳಿಗ್ಗೆ ಕಾಫಿ ತಂದುಕೊಟ್ಟರೆ ಬಾಯಿತುಂಬ ಮಗಳೇ ಅನ್ನುತ್ತಾಳೆ, ಹೆತ್ತ ಮಗಳು ಬಸ್ಸು ಹಿಡಿದು ಬಂದು, ಬೆಲ್ ಒತ್ತಿ, ನೆಂಟರ ಹಾಗೆ ಶೂ ಬಿಚ್ಚಿಟ್ಟು, ಸದ್ದಾಗದಂತೆ ಕಾಗದದ ಬಾಗಿಲು ಸರಿಸಬೇಕು, ಸರಿಸಿದರೆ ಆ ಕೊಂಬೆ, ಕೊಂಬೆಯ ಕೆಳಗೆ ಅಮ್ಮ, ಮಗ್ಗುಲಾಗಿ, ನಿದ್ದೆಯಲ್ಲೂ ಮುಖ ಅರಳಿಸಿಕೊಂಡು, ಆ ಕೊಂಬೆ, ಕೆಳಗೆ ಅಮ್ಮ, ಆ ಒಂದೇ ಕೊಂಬೆ, ಅಮ್ಮ