ಸದ್ದು ನನ್ನದು, ಹೆಬ್ಬೆಟ್ಟು ಅಜ್ಜಿಯದು

ನಾನೊಂದು ಗಿಲಕಿ. ಅಲ್ಲಾಡಿಸಿದರೆ ಸದ್ದು ಮಾಡುತ್ತೇನೆ. ಬೇರೆ ವಿದ್ಯೆ ನನಗೆ ಗೊತ್ತಿಲ್ಲ. ಚೆಂಡಿನ ಹಾಗೆ ಪುಟಿಯಲಾರೆ, ಬುಗುರಿಯ ಹಾಗೆ ತಿರುಗಲಾರೆ. ಗಿಲ್ ಗಿಲ್ ಅನ್ನುವುದೊಂದೇ ನನ್ನ ಬದುಕು. ಅಂಥ ನನ್ನನ್ನು ಕಿವಿ ಕೇಳದ ಮಗುವಿನ ಕೈಗೆ ಕೊಟ್ಟರು. ಕೊಟ್ಟದ್ದೂ ಅಲ್ಲದೆ ಆ ಸಂಗತಿಯನ್ನು ವರ್ಷಗಟ್ಟಲೆ ನನಗೂ ತಿಳಿಯದ ಹಾಗೆ ನೋಡಿಕೊಂಡರು. ಹೇಳಿ, ನನಗೆ ಸಿಟ್ಟು ಬರಬಾರದೇ?

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ. ನೂರ್‌ಜಾನ್ ಬೀ ಎಂಬಾಕೆ ಹಾಲೆಮರದ ತುಂಡೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಉಳಿ ಹಿಡಿದು ನನ್ನನ್ನು ಕಡೆದಳು. ಹೊಟ್ಟೆ ಟೊಳ್ಳು ಮಾಡಿ ಸೈಕಲ್ಲಿನ ಸಣ್ಣ ಕಬ್ಬಿಣದ ಗುಂಡುಗಳನ್ನು ತುಂಬಿದಳು. ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಹಳದಿ, ಕೆಂಪು ಬಣ್ಣ ಹಾಕಿದಳು. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಯಾ ಅಲ್ಲಾ, ಇದರದ್ದು ಬಾಯಿ ಜೋರೈತೆ!" ಎಂದು ನಕ್ಕಳು. ನನ್ನ ಜೀವಮಾನದಲ್ಲಿ ಸಿಕ್ಕ ಪ್ರಾಮಾಣಿಕವಾದ ಹೊಗಳಿಕೆ ಅದೊಂದೇ.

ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ತೂಗಾಡುತ್ತಿದ್ದ ನನ್ನನ್ನು ಮಹದೇವು ಕೊಂಡುಕೊಂಡ. ಮದ್ದೂರಿನ ಹತ್ತಿರದ ಹಳ್ಳಿಯವನು, ಗೂಡ್ಸ್ ಆಟೋ ಓಡಿಸುತ್ತಿದ್ದ. ಅವನ ಹೆಂಡತಿ ಚಂದ್ರಕಲಾ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಅವರಿಗೊಂದು ಹೆಣ್ಣುಮಗು, ಸಿಂಚನ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತಿದ್ದವಳು ಚಂದ್ರಕಲಾಳ ತಾಯಿ, ಚಿಕ್ಕತಾಯಮ್ಮ. ಅಜ್ಜಿಗೆ ಮಹದೇವು ಬರೀ ಅಳಿಯನಲ್ಲ, ಒಡಹುಟ್ಟಿದ ತಮ್ಮ ಕೂಡ. ಸಂಬಂಧ ಕೈಬಿಟ್ಟು ಹೋಗಬಾರದೆಂದು ಹಟ ಹಿಡಿದು ತನ್ನ ಮಗಳನ್ನು ತನ್ನ ತಮ್ಮನಿಗೇ ಕೊಟ್ಟು ಮದುವೆ ಮಾಡಿಸಿದ್ದಳು.

ಮಗು ನನ್ನನ್ನು ಒಂದು ಗಳಿಗೆಯೂ ಬಿಟ್ಟಿರುತ್ತಿರಲಿಲ್ಲ. ಹಲ್ಲು ಮೂಡುವಾಗ ನನ್ನನ್ನೇ ಕಚ್ಚಿದಳು. ಗಲ್ಲಕ್ಕೆ ಒತ್ತಿ ಹಿಡಿದುಕೊಂಡು ಅಲ್ಲಾಡಿಸುವಳು, ಕಣ್ಣು ಮುಚ್ಚಿ ನಗುವಳು. ಎಂಥ ರಸಿಕಳಪ್ಪಾ, ನನ್ನ ಸದ್ದನ್ನು ಹತ್ತಿರದಿಂದಲೇ ಕೇಳಬೇಕಂತೆ ಎಂದು ನಾನು ಉಬ್ಬಿಹೋಗಿದ್ದೆ. ಅವಳಿಗೆ ಬೇಕಾಗಿದ್ದದ್ದು ಗಲ್ಲಕ್ಕೆ ತಾಗುವ ನಡುಕ ಮಾತ್ರ ಎಂದು ನನಗೆ ಹೇಳುವವರು ಯಾರು?

ಒಂದು ಮಧ್ಯಾಹ್ನ ಮಗು ಮಲಗಿತ್ತು. ಚಿಕ್ಕತಾಯಮ್ಮ ಬೇಕೆಂದೇ ಹಿತ್ತಾಳೆ ತಟ್ಟೆಯೊಂದನ್ನು ಅದರ ತಲೆಯ ಹಿಂದೆ ಕೈಬಿಟ್ಟಳು. ಜಗುಲಿಯ ಮೇಲಿದ್ದ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮಗು ಮಿಸುಕಲಿಲ್ಲ. ಎಂಥ ಗಾಢ ನಿದ್ದೆ ಅಂದುಕೊಂಡೆ ನಾನು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಾರನೆಯ ದಿನದಿಂದ ಹೊಸ ಆಟ ಶುರುವಾಯಿತು. ಮಗುವನ್ನು ಮಡಿಲಲ್ಲಿ ಬೀದಿಗೆ ಮುಖ ಮಾಡಿ ಕೂರಿಸಿಕೊಳ್ಳುವಳು. ಎಡಗೈಯಲ್ಲಿ ನನ್ನನ್ನು ಮಗುವಿನ ಹಿಂದೆ ಹಿಡಿದು ಅಲ್ಲಾಡಿಸುವಳು. ಅದೇ ಹೊತ್ತಿಗೆ ಬಲಗೈ ಹೆಬ್ಬೆಟ್ಟಿನಿಂದ ಲಂಗದೊಳಗೆ ಮಗುವಿನ ಸೊಂಟವನ್ನು ಒತ್ತುವಳು. ಮಗು ತಿರುಗಿ ನೋಡುವುದು. "ನನ್ ಬಂಗಾರ!" ಎಂದು ಮುತ್ತಿಕ್ಕಿ ಬಾಯಿಗೆ ಚೂರು ಬೆಲ್ಲ ಹಾಕುವಳು. ಆ ಹೆಬ್ಬೆಟ್ಟು ಒಳಗೆ ಸರಿಯುವುದು ನನಗೆ ಚೆನ್ನಾಗಿ ಕಾಣುತ್ತಿತ್ತು. ಮುದ್ದು ಮಾಡುತ್ತಿದ್ದಾಳೆ ಅಂದುಕೊಂಡೆ. ಮಗು ತಿರುಗುತ್ತಿರುವುದು ನನಗೆ, ಬೆಲ್ಲ ಸಿಗುತ್ತಿರುವುದು ನನ್ನಿಂದ ಎಂದೇ ನಂಬಿದ್ದೆ. ದಡ್ಡ ಮರದ ತುಂಡು ನಾನು!

ಒಂದೂವರೆ ವರ್ಷವಾದರೂ ಮಗು "ಅವ್ವ" ಅನ್ನಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳ ತಪಾಸಣೆಯ ಶಿಬಿರ ನಡೆದಾಗ ಚಂದ್ರಕಲಾ ರಜೆ ಹಾಕಿ ಕರೆದುಕೊಂಡು ಬಂದಳು. ಮಗು ಅಜ್ಜಿಯ ಮಡಿಲಲ್ಲೇ ಕೂತಿತು. ತಪಾಸಣೆಗೆ ಬಂದಿದ್ದ ಹುಡುಗಿ ನನ್ನನ್ನು ಇಸಿದುಕೊಂಡು ಹಿಂದಿನಿಂದ ಅಲ್ಲಾಡಿಸಿದಳು. ಮಗು ತಿರುಗಿತು. ಮತ್ತೆ ಅಲ್ಲಾಡಿಸಿದಳು, ಮತ್ತೆ ತಿರುಗಿತು.

"ಕೇಳಿಸ್ತಾ ಇರೋ ಹಾಗಿದೆ. ಆದ್ರೂ ಮಾತು ಬರ್ಲಿಲ್ಲ ಅಂದ್ರೆ ಒಂದ್ಸಲ ಮೈಸೂರಲ್ಲಿ ತೋರಿಸ್ಬಿಡಿ" ಎಂದಳು ಹುಡುಗಿ.

"ಮೈಸೂರ್ಗೆ ಯಾಕವ್ವ? ನಮ್ ವಂಸ್ದಲ್ಲೇ ಮಾತು ತಡ" ಎಂದಳು ಅಜ್ಜಿ, ಮಗಳ ಕಡೆ ತಿರುಗಿ. "ನಿನ್ ಗಂಡ ಬಾಯ್ಬುಟ್ಟಿದ್ದೇ ನಾಕ್ ವರ್ಸಕ್ಕೆ. ಅವನ್ನ ಎತ್ತಿ ಆಡ್ಸಿದೋಳು ನಾನಲ್ವಾ?"

ಎತ್ತಿ ಆಡಿಸಿದವಳ ಮಾತನ್ನು ನಂಬದೆ ಇನ್ಯಾರ ಮಾತು ನಂಬುವುದು? ಚಂದ್ರಕಲಾಳ ಕಣ್ಣಲ್ಲಿ ನೀರು ಬಂತು. ನನ್ನನ್ನು ಎದೆಗೆ ಒತ್ತಿಕೊಂಡು, "ನನ್ ಜೀವ ಉಳಿಸ್ದೆ ಕನೋ ನೀನು" ಅಂದಳು. ಆ ದಿನ ನನಗೆ ನೆಲದ ಮೇಲೆ ಕಾಲಿರಲಿಲ್ಲ. ನನಗೆ ಕಾಲೇ ಇಲ್ಲ, ಅದು ಬೇರೆ ಮಾತು.

ಹೀಗೆ ವರ್ಷದ ಮೇಲಾಯಿತು. ಒಂದು ದಿನ ಮಹದೇವು ಮನೆಯ ಮುಂದೆ ಆಟೋ ಹಿಂದಕ್ಕೆ ತೆಗೆಯುತ್ತಿದ್ದ. ಹಾರ್ನ್ ಮೇಲೆ ಹಾರ್ನ್ ಹೊಡೆದರೂ ಸಿಂಚನ ಗಾಡಿಯ ಹಿಂದೆ ಮಣ್ಣಿನಲ್ಲಿ ಆಡುತ್ತಲೇ ಇದ್ದಳು. ಎದುರು ಮನೆಯವರು ಓಡಿಬಂದು ಎಳೆದುಕೊಂಡರು. ಮಹದೇವು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತ. ಚಂದ್ರಕಲಾ ಯಾರನ್ನೂ ಕೇಳಲಿಲ್ಲ. ಮಾರನೆಯ ದಿನವೇ ಮಗುವನ್ನೂ ನನ್ನನ್ನೂ ಎತ್ತಿಕೊಂಡು ಮೈಸೂರಿನ ಬಸ್ ಹತ್ತಿದಳು. ಬೇಡ ಬೇಡವೆನ್ನುತ್ತಲೇ ಅಜ್ಜಿಯೂ ಹತ್ತಿದಳು.

ಆಸ್ಪತ್ರೆಯಲ್ಲಿ ಒಂದು ವಿಚಿತ್ರ ಕೋಣೆಗೆ ಕರೆದುಕೊಂಡು ಹೋದರು. ಗೋಡೆಗೆಲ್ಲ ಮೆತ್ತನೆಯ ಹಾಸು, ಹೊರಗಿನ ಯಾವ ಸದ್ದೂ ಒಳಗೆ ಬಾರದು. ಕಿವಿ ಪರೀಕ್ಷೆ ಮಾಡುವವರು ಲವೀನಾ ಮೇಡಂ. ಮೊದಲು ಅವರು ಕೇಳಿದ್ದು, "ಸಂಬಂಧದಲ್ಲೇ ಮದುವೆ ಆಗಿದ್ದೀರಾ?" ಚಂದ್ರಕಲಾ ಹೌದೆಂದಳು. ಅಜ್ಜಿ ಕಿಟಕಿ ಹುಡುಕುವವಳ ಹಾಗೆ ಗೋಡೆ ನೋಡಿದಳು.

ಮಗು ಅಭ್ಯಾಸದಂತೆ ಅಜ್ಜಿಯ ಮಡಿಲು ಹತ್ತಿತು. ಮೇಡಂ ನನ್ನನ್ನು ಹಿಂದಿನಿಂದ ಅಲ್ಲಾಡಿಸಿದರು. ಮಗು ತಿರುಗಿತು.

"ನೋಡಿ ಮೇಡಂ, ಕೇಳುಸ್ತದೆ!" ಎಂದಳು ಚಂದ್ರಕಲಾ.

ಲವೀನಾ ಮೇಡಂ ಬಗ್ಗಿ ಅಜ್ಜಿಯ ಮಡಿಲನ್ನು ನೋಡಿದರು. ಆಮೇಲೆ, "ಅಜ್ಜಿ, ನೀವು ಆ ಕುರ್ಚಿ ಮೇಲೆ ಕೂತ್ಕೊಳ್ಳಿ. ಮಗು ಅಮ್ಮನ ಹತ್ರ ಇರಲಿ" ಎಂದರು.

ಮಗು ಅಮ್ಮನ ಮಡಿಲಿಗೆ ಬಂತು. ಮೇಡಂ ಅಲ್ಲಾಡಿಸಿದರು. ನಾನು ಗಿಲ್ ಅಂದೆ. ಮಗು ತಿರುಗಲಿಲ್ಲ. ಹತ್ತಿರ ತಂದು ಜೋರಾಗಿ ಅಲ್ಲಾಡಿಸಿದರು. ನೂರ್‌ಜಾನ್ ಬೀ ಕೊಟ್ಟ ಬಾಯನ್ನೆಲ್ಲ ತೆರೆದು ಕೂಗಿದೆ. ಮಗು ಎದುರಿಗೆ ಕೂತಿದ್ದ ಅಜ್ಜಿಯನ್ನೇ ನೋಡುತ್ತಿತ್ತು. ಅಜ್ಜಿಯನ್ನೂ ಅಲ್ಲ, ಅವಳ ಬಲಗೈಯನ್ನು. ಆಮೇಲೆ ತನ್ನ ಪುಟ್ಟ ಕೈಯನ್ನು ಹಿಂದಕ್ಕೆ ಕೊಂಡೊಯ್ದು ತನ್ನ ಸೊಂಟವನ್ನು ತಾನೇ ಮುಟ್ಟಿ ನೋಡಿಕೊಂಡಿತು. ಇವತ್ತು ಯಾಕೆ ಇಲ್ಲಿ ಒತ್ತುತ್ತಿಲ್ಲ ಎಂದು ಕೇಳುವ ಹಾಗಿತ್ತು.

ಚಂದ್ರಕಲಾ ಅದನ್ನು ನೋಡಿದಳು. ಅಜ್ಜಿಯ ಹೆಬ್ಬೆಟ್ಟನ್ನೂ ನೋಡಿದಳು. ಅಜ್ಜಿ ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ನನಗೂ ಆಗಲೇ ತಿಳಿದದ್ದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಕೋಣಕ್ಕಾದರೂ ಸದ್ದು ಕೇಳಿಸುತ್ತದೆ. ನಾನು ಕೂಗಿದ್ದೆಲ್ಲ ಬರೀ ಗಾಳಿಗೆ ಹೋಗಿತ್ತು. ಮಗುವಿನ ಮೇಲೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅಜ್ಜಿಯ ಮೇಲೆ ಬಂದ ಸಿಟ್ಟು ಮಾತ್ರ ಹಾಗೇ ಉಳಿಯಿತು. ನನ್ನ ಬಾಯಿಂದಲೇ ಸುಳ್ಳು ಹೇಳಿಸಿಬಿಟ್ಟಿದ್ದಳಲ್ಲ!

"ಆಪರೇಷನ್ ಮಾಡಿ ಒಳಗೆ ಯಂತ್ರ ಕೂರಿಸಬಹುದು. ಆದರೆ ಚಿಕ್ಕ ವಯಸ್ಸಲ್ಲಿ ಬಂದಷ್ಟೂ ಮಾತು ಚೆನ್ನಾಗಿ ಬರುತ್ತೆ. ಇನ್ನು ತಡ ಮಾಡೋದು ಬೇಡ" ಎಂದರು ಮೇಡಂ. ಮನೆಗೆ ಬರುವ ಬಸ್ಸಿನಲ್ಲಿ ಚಂದ್ರಕಲಾ ಮಗುವನ್ನು ಎತ್ತಿಕೊಂಡು ತಾಯಿಯಿಂದ ದೂರದ ಸೀಟಿನಲ್ಲಿ ಕೂತಳು.

ಆಪರೇಷನ್ನಿಗೆ ಮುಂಚೆ ಪರೀಕ್ಷೆಗಳ ಸಾಲೇ ಇತ್ತು. ನಿದ್ದೆ ಬರುವ ಸಿರಪ್ ಕುಡಿಸಿ ಹಣೆಗೆ ವೈರು ಅಂಟಿಸಿದರು. ಕಿವಿಯ ಹಿಂದೆ ಮೆಷಿನ್ ಹಾಕಿ ಕೆಲವು ತಿಂಗಳು ನೋಡಿದರು, ಪ್ರಯೋಜನವಾಗಲಿಲ್ಲ. ಹೃದಯದ ಪರೀಕ್ಷೆ, ರಕ್ತ, ಸ್ಕ್ಯಾನಿಂಗು, ಮತ್ತೆ ರಕ್ತ. ಎಲ್ಲದಕ್ಕೂ ಮಗುವಿನ ಜೊತೆ ನಾನು.

ಬೇರೆ ಮಕ್ಕಳಿಗೆ ಸೂಜಿ ಚುಚ್ಚುವ ಮುಂಚೆ ಸುಳ್ಳನ್ನಾದರೂ ಹೇಳಬಹುದು, ಇರುವೆ ಕಚ್ಚಿದ ಹಾಗಷ್ಟೇ ಪುಟ್ಟಾ ಅಂತ. ಸಿಂಚನಳಿಗೆ ಆ ಸುಳ್ಳನ್ನೂ ಹೇಳುವಂತಿರಲಿಲ್ಲ. ಅವಳು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುವಳು. ಆಗ ಚಂದ್ರಕಲಾ ಏನು ಮಾಡಿದಳು ಗೊತ್ತೇ? ನನ್ನನ್ನು ಮುಂದೆ ಹಿಡಿದಳು. ಮಗು ನಕ್ಕು ನನಗಾಗಿ ಒಂದು ಕೈ ಚಾಚಿತು. ನರ್ಸ್ ಇನ್ನೊಂದು ಕೈಗೆ ಚುಚ್ಚಿದರು. ಎಲ್ಲ ಸಲವೂ ಹೀಗೆಯೇ. ಅಜ್ಜಿಯ ಮೋಸಕ್ಕೆ ಮುನಿದವಳು ತಾನೂ ಅದನ್ನೇ ಮಾಡಿದಳು, ನನ್ನನ್ನೇ ಹಿಡಿದುಕೊಂಡು. ಮೀನಿಗೆ ಗಾಳ ಹಾಕುವಾಗ ಎರೆಹುಳುವನ್ನು ಯಾರು ಕೇಳುತ್ತಾರೆ? ಕೆಲವು ಸಲವಾದ ಮೇಲೆ ನನ್ನನ್ನು ಕಂಡರೆ ಮಗು ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳತೊಡಗಿತು.

ದೊಡ್ಡ ಸ್ಕ್ಯಾನಿಂಗಿನ ದಿನ ಬಾಗಿಲಲ್ಲೇ ನನ್ನನ್ನು ತಡೆದರು. "ಇದರೊಳಗೆ ಕಬ್ಬಿಣ ಇದೆ, ಒಳಗೆ ತರೋ ಹಾಗಿಲ್ಲ." ಮಗು ಒಳಗೆ ಹೋದ ಮೇಲೆ ಚಂದ್ರಕಲಾ ನನ್ನನ್ನು ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಳು. ಬರಬೇಡ ಎಂದಿದ್ದರೂ ಚಿಕ್ಕತಾಯಮ್ಮ ಬೇರೆ ಬಸ್ಸಿನಲ್ಲಿ ಬಂದಿದ್ದಳು, ಕೈಯಲ್ಲಿ ಊಟದ ಡಬ್ಬಿ.

"ವಸಿ ಉಣ್ಣವ್ವ."

ಚಂದ್ರಕಲಾ ಡಬ್ಬಿ ಮುಟ್ಟಲಿಲ್ಲ.

"ನಮ್ ತಿಮ್ಮ ಇದ್ನಲ್ಲ, ನನ್ ದೊಡ್ ತಮ್ಮ" ಎಂದಳು ಅಜ್ಜಿ. "ಊರೆಲ್ಲ ಮೂಗ ಮೂಗ ಅಂದೂ ಅಂದೂ ಅವನ್ ಹೆಸ್ರೇ ಮರ್ತೋದ್ರು. ಸತ್ತಾಗ್ಲೂ ಮೂಗ ಸತ್ತೋದ ಅಂದ್ರು ಕನವ್ವ. ನನ್ ಕೂಸ್ಗೆ ಆ ಹೆಸ್ರು ಬೀಳ್ಬಾರ್ದು ಅಂತ... ನಿನ್ನ ನನ್ ತಮ್ಮನ್ಗೇ ಕೊಟ್ಟೋಳು ನಾನು. ಯಾರ್ ಮಕ ನೋಡ್ಲಿ?"

"ನಿನ್ ಮಕ ಉಳೀತು, ನನ್ ಮಗೀನ್ ವರ್ಸ ಹೋಯ್ತು" ಎಂದಳು ಚಂದ್ರಕಲಾ. "ಕೂಸ್ನ ನಿನ್ ಮಡ್ಲಿಗೆ ಹಾಕಿ ಕೆಲ್ಸಕ್ಕೆ ಹೋಯ್ತಿದ್ದೆ ಅವ್ವ. ಬೇರೆ ಯಾರ್ನಾರ ನಂಬಿದ್ನಾ ನಾನು?"

ಅಜ್ಜಿ ಡಬ್ಬಿಯನ್ನು ಹಾಗೆಯೇ ವಾಪಸ್ಸು ತೆಗೆದುಕೊಂಡು ಹೋದಳು. ನನಗೂ ಕರುಳು ಚುರುಕ್ ಅಂದಿತು ಅನ್ನಲೇ? ಅನ್ನುವುದಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಆಪರೇಷನ್ ದಿನ ಮಗುವನ್ನು ಒಳಗೆ ಕಳಿಸಿ, ಚಂದ್ರಕಲಾ ನನ್ನನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. "ನೋಡು, ಕಿವಿ ಬಂದ್ ದಿನ ನಿನ್ ಸದ್ನೇ ಮೊದ್ಲು ಕೇಳಿಸ್ತೀನಿ. ಆಣೆಗೂ" ಎಂದಳು. ಆ ಮಾತಿಗಾಗಿ ಹಿಂದಿನದನ್ನೆಲ್ಲ ಮರೆಯಲು ನಾನು ತಯಾರಿದ್ದೆ.

ಗಾಯ ಮಾಗಿತು. ಕಿವಿಯ ಯಂತ್ರ ಚಾಲೂ ಮಾಡುವ ದಿನ ಬಂತು. ಚಂದ್ರಕಲಾ ಮಾತಿಗೆ ತಪ್ಪದೆ ನನ್ನನ್ನು ಚೀಲದಿಂದ ತೆಗೆದಳು. ಕಂಡದ್ದೇ ತಡ, ಮಗು ಎರಡೂ ಕೈ ಬೆನ್ನ ಹಿಂದೆ ಮುಚ್ಚಿಕೊಂಡು ಕಿಟಾರನೆ ಕಿರುಚಿತು.

"ಅದು ಬೇಡಮ್ಮಾ, ಒಳಗಿಡಿ" ಎಂದರು ಲವೀನಾ ಮೇಡಂ. "ಮೊದಲನೇ ಸದ್ದೇ ಭಯದ್ದಾಗಬಾರದು. ನೀವೇ ಕರೀರಿ."

ನನ್ನನ್ನು ಚೀಲದೊಳಗೆ ತುರುಕಿದರು. ಕತ್ತಲಲ್ಲಿ ಕೂತು ನಾನೂ ಕೇಳಿದೆ, "ಸಿಂಚೂ... ಸಿಂಚೂ..." ಮಗು ತಿರುಗಿತಂತೆ. ಯಾರೂ ಒತ್ತದೆ ತಿರುಗಿತಂತೆ. ಚಂದ್ರಕಲಾ ಬಿಕ್ಕುವುದು ಕೇಳಿಸಿತು. ಸದ್ದಿಗಾಗಿ ಹುಟ್ಟಿದವನು ನಾನು, ಚೀಲದಲ್ಲಿದ್ದವನೂ ನಾನು.

ಮನೆಗೆ ಬಂದ ಮೇಲೆ ಚಂದ್ರಕಲಾ ನನ್ನನ್ನು ಕಸದ ಬುಟ್ಟಿಗೆ ಹಾಕಿದಳು. ಚಿಕ್ಕತಾಯಮ್ಮ ಸದ್ದಿಲ್ಲದೆ ಎತ್ತಿ ಸೆರಗಿನಲ್ಲಿ ಒರೆಸಿ ತನ್ನ ಮನೆಗೆ ತಂದಳು, ದೇವರ ಗೂಡಿನ ಪಕ್ಕದ ಗೂಡಿನಲ್ಲಿಟ್ಟಳು. ನನಗೆ ಮೋಸ ಮಾಡಿದವಳ ಮನೆಯಲ್ಲೇ ನನ್ನ ಮುಪ್ಪು. ನಮ್ಮಿಬ್ಬರನ್ನೂ ಕೇಳುವವರಿರಲಿಲ್ಲ. ಚಂದ್ರಕಲಾ ಕೆಲಸ ಬಿಟ್ಟು ಮಗುವಿಗೆ ಒಂದೊಂದೇ ಮಾತು ಕಲಿಸುತ್ತಿದ್ದಳು. ತಾಯಿಯ ಮನೆಗೆ ಬಂದರೂ ಹೊಸಿಲು ದಾಟಿ ಕೂರುತ್ತಿರಲಿಲ್ಲ.

ವರ್ಷಗಳು ಕಳೆದವು. ಅಜ್ಜಿಗೆ ಕಿವಿ ಮಂದವಾಯಿತು. ಅಕ್ಕಪಕ್ಕದವರು ಹೇಳಿ ಹೇಳಿ, ನಿನ್ನೆ ಚಂದ್ರಕಲಾ ಮಗಳನ್ನು ಕರೆದುಕೊಂಡು ಬಂದಳು. ಸಿಂಚನ ಈಗ ಶಾಲೆಯ ಹುಡುಗಿ. ಕಿವಿಯ ಹಿಂದೆ ಯಂತ್ರ, ಎರಡು ಜಡೆ. ಮಾತು ಬರುತ್ತದೆ, ಆದರೆ ಕೆಲವು ಅಕ್ಷರ ನಾಲಿಗೆಗೆ ಹತ್ತುವುದಿಲ್ಲ. ಆಸ್ಪತ್ರೆಗೆ ಇನ್ನೂ ಬೇಗ ಹೋಗಬೇಕಿತ್ತು ಎಂದು ಚಂದ್ರಕಲಾ ಈಗಲೂ ಹೇಳುತ್ತಾಳೆ.

"ಆಸ್ಪತ್ರೆಗೆ ಬಾ ಅವ್ವ, ಕಿವಿ ತೋರ್ಸಣ" ಎಂದು ಕೂಗಿ ಹೇಳಿದಳು.

"ನನ್ಗೇನಾಗದೆ? ಸಂದಾಗಿ ಕೇಳುಸ್ತದೆ ಬುಡು" ಎಂದಳು ಅಜ್ಜಿ, ಬೀದಿ ನೋಡುತ್ತಾ.

ಚಂದ್ರಕಲಾಳ ಕಣ್ಣು ಗೂಡಿನ ಮೇಲೆ ಬಿತ್ತು. ನನ್ನನ್ನು ತೆಗೆದು ಮಗಳ ಕೈಗೆ ಕೊಟ್ಟು, "ಅಜ್ಜಿ ಹಿಂದ್ಗಡೆ ಕೂತ್ಕಂಡು ಆಡ್ಸು" ಎಂದು ತಾನು ಎದುರಿಗೆ ಕೂತಳು. ಈಗ ಆ ಹುಡುಗಿ ನನಗೆ ಹೆದರಲಿಲ್ಲ. ಅಲ್ಲಾಡಿಸಿದಳು. ಗಿಲ್ ಅಂದೆ. ಅವಳ ಕಣ್ಣು ಅರಳಿತು. ನನ್ನನ್ನು ಅವಳು ಕೇಳಿದ್ದಳು! ಎಷ್ಟು ವರ್ಷ ಕಾದಿದ್ದೆ ಇದಕ್ಕೆ.

ಆದರೆ ಅಜ್ಜಿ ತಿರುಗಲಿಲ್ಲ. ಬೀದಿ ನೋಡುತ್ತಾ ಸುಮ್ಮನೆ ಕೂತಿದ್ದಳು. ಅವಳ ಬೆನ್ನು ಮಾತ್ರ ಬಿಗಿಯಾಗಿತ್ತು, ಪರೀಕ್ಷೆ ಯಾವಾಗ ಮುಗಿಯುತ್ತದೋ ಎಂದು ಕಾಯುವ ಮಕ್ಕಳ ಬೆನ್ನಿನ ಹಾಗೆ.

ಸಿಂಚನ ಅಮ್ಮನ ಮುಖ ನೋಡಿದಳು. ಅಜ್ಜಿಯ ಬೆನ್ನು ನೋಡಿದಳು. ಮತ್ತೆ ನನ್ನನ್ನು ಅಲ್ಲಾಡಿಸಿದಳು, ಇನ್ನೊಂದು ಕೈಯ ಹೆಬ್ಬೆಟ್ಟಿನಿಂದ ಮೆಲ್ಲಗೆ ಅಜ್ಜಿಯ ಸೊಂಟ ಒತ್ತಿದಳು.

ಅಜ್ಜಿ ತಿರುಗಿದಳು. ಮೊಮ್ಮಗಳ ಮುಖ ನೋಡಿದಳು, ನನ್ನನ್ನು ನೋಡಿದಳು, ಕಣ್ಣು ತುಂಬಿಕೊಂಡಳು.

"ಕೇ-ತು" ಎಂದಳು ಸಿಂಚನ ಅಮ್ಮನಿಗೆ. "ಅದ್ದಿಗೆ ಕೇ-ತು."

ಅಂದರೆ, ನನ್ನ ಸದ್ದು ಕಿವಿಗೆ ಬಿದ್ದ ಗಳಿಗೆಯಲ್ಲೇ ಅದನ್ನು ಹಿಡಿದು ಅವಳು ಸುಳ್ಳು ಹೇಳಿದಳು. ಈ ಮನೆಯ ನೀರೇ ಅಂಥದ್ದು.

ಚಂದ್ರಕಲಾ ಎಲ್ಲವನ್ನೂ ನೋಡಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಎದ್ದು ಬಂದು ನನ್ನನ್ನು ಮಗಳ ಕೈಯಿಂದ ಇಸಿದುಕೊಂಡು ಗೂಡಿನಲ್ಲಿಟ್ಟಳು. ಆಮೇಲೆ ತಾಯಿಯ ಪಕ್ಕದಲ್ಲಿ, ತಾಗಿಕೊಂಡೇ ಕೂತಳು. ಎಷ್ಟೋ ವರ್ಷಗಳ ಮೇಲೆ.

"ನಾಳೆ ಬೆಳಗ್ಗೆ ಬಸ್ಸಿಗೆ ಹೊರ್ಡು" ಎಂದು ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು. "ಕಿವಿ ನೋಡೋವಾಗ ಈ ಸಿಂಚು ನಿನ್ ಪಕ್ಕ ಕೂರಂಗಿಲ್ಲ. ನಾನ್ ಕೂರ್ತೀನಿ."

ಇವತ್ತು ಬೆಳಗ್ಗೆ ಮೂವರೂ ಹೊರಟರು. ಅಜ್ಜಿ ಬಾಗಿಲು ಹಾಕುವ ಮುಂಚೆ ಒಂದು ಸಲ ಗೂಡಿನ ಕಡೆ ನೋಡಿದಳು. ಕಿವಿ ಪರೀಕ್ಷೆಗೆ ನನಗಿಂತ ಹಳಬರು ಆ ಮನೆಯಲ್ಲಿ ಯಾರಿದ್ದರು? ಕರೆದುಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ಬೀಗ ಹಾಕಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು.