ಎಂಟು ದಿನದ ಕಾಯಿ

ಮಾವನಿಗೆ ಕಿವಿ ಒಂಚೂರೂ ಕೇಳುತ್ತಿರಲಿಲ್ಲ. ಹಟಕ್ಕೆ ಮಾತ್ರ ಯಾವ ಕುಂದೂ ಇರಲಿಲ್ಲ. ಬತ್ತಿದ ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿಸಿ, ನಟ್ಟನಡುವೆ ಗುಡಿಸಲು ಹಾಕಿಕೊಂಡು ಹಗಲೆಲ್ಲ ಕಾಯುತ್ತಿದ್ದ. ಊಟ ತಂದಾಗ ಸೊಸೆ ದಡದ ಕಂಬಕ್ಕೆ ಕೆಂಪು ಬಟ್ಟೆ ಏರಿಸಬೇಕು, ಮುದುಕ ಎದ್ದು ಬರಬೇಕು. ಅದು ಅವರಿಬ್ಬರ ಪದ್ಧತಿ.

ನಿನ್ನೆ ಅವಳು ಮಗಳಿಗೆಂದು ಒಂದು ಕಾಯಿ ಕಿತ್ತಿದ್ದಳು. "ಅದಕ್ಕಿನ್ನೂ ಎಂಟು ದಿನ ಬೇಕಿತ್ತು. ಕಣ್ಣು ಕಾಣಲ್ವಾ ನಿಂಗೆ? ಇನ್ಮೇಲೆ ನಿನ್ನ ಕೈಯೂಟ ನಂಗೆ ಬೇಡ" ಎಂದು ಊರಿಗೆಲ್ಲ ಕೇಳುವಂತೆ ಕೂಗಾಡಿದ್ದ.

ಇವತ್ತು ಮಧ್ಯಾಹ್ನ, ಮೇಲಿನೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ ಗಂಡನಿಂದ ಫೋನು ಬಂತು. "ಹೇಳದೆ ಕೇಳದೆ ಅಣೆಕಟ್ಟಿನ ಗೇಟು ತೆಗೆದುಬಿಟ್ಟಿದ್ದಾರೆ ಕಣೇ. ನೀರು ಇಲ್ಲಿನ ಸೇತುವೆ ದಾಟ್ತು. ಕಾಲು ಗಂಟೆ ಅಷ್ಟೆ. ಅಪ್ಪನ್ನ ಕರ್ಕೋ."

ಬಿದ್ದೆನೋ ಎದ್ದೆನೋ ಎಂದು ದಡಕ್ಕೆ ಓಡಿಬಂದು ಬಟ್ಟೆ ಏರಿಸಿದಳು. ಅಷ್ಟರಲ್ಲೇ ಆ ಕಾಲು ಗಂಟೆಯಲ್ಲಿ ಅರ್ಧ ಕಳೆದಿತ್ತು. ಮುದುಕ ನೋಡಿದ. ನೋಡಿ, ಬೇಡವೆಂದು ಕೈಯಾಡಿಸಿ ಕೂತಲ್ಲೇ ಕೂತ. ಅಯ್ಯೋ, ಮುನಿಸಿಕೊಳ್ಳುವ ಹೊತ್ತೇ ಇದು? ಕೈ ಬೀಸಿ ಕರೆದಳು, ಹೊಳೆಯ ಮೇಲ್ಗಡೆ ತೋರಿಸಿದಳು, ಎದೆ ಬಡಿದುಕೊಂಡಳು. ಊಟಕ್ಕೆ ಗೋಗರೆಯುತ್ತಿದ್ದಾಳೆ ಎಂದುಕೊಂಡನೋ ಏನೋ, ಇನ್ನಷ್ಟು ಬಿಗಿದುಕೊಂಡು ಕೂತ.

ಕಾಲು ಹೂತುಹೋಗುವ ಮರಳಿನಲ್ಲಿ ಅಲ್ಲಿವರೆಗೆ ಹೋಗಿ, ಅವನನ್ನು ಎಬ್ಬಿಸಿ ಕರೆತರುವಷ್ಟು ಹೊತ್ತಿಲ್ಲ. ಅವನೇ ಓಡಿಬಂದರೆ ಉಳಿದಾನು. ಈ ಮುದುಕ ಯಾತಕ್ಕೆ ಓಡಿಬರುತ್ತಾನೆ?

ಯಾತಕ್ಕೆಂದು ಅವಳಿಗೆ ಗೊತ್ತಿತ್ತು. ದಡ ಇಳಿದಳು. ಅಂಚಿನ ಬಳ್ಳಿಯಿಂದ ಒಂದು ಕಾಯಿ ಕಿತ್ತು, ಅವನಿಗೆ ಕಾಣುವಂತೆ ಎತ್ತಿ ಹಿಡಿದು ಬಂಡೆಗೆ ಅಪ್ಪಳಿಸಿದಳು. ಇನ್ನೊಂದು ಕಿತ್ತಳು. ಮತ್ತೊಂದು.

ಮುದುಕ ದಿಗ್ಗನೆ ಎದ್ದ. ದೊಣ್ಣೆ ಹಿಡಿದು, ಬಾಯಿಗೆ ಬಂದಂತೆ ಬೈಯುತ್ತ ಓಡಿಬಂದ. ಮೇಲ್ಗಡೆಯಿಂದ ನೀರಿನ ಮೊರೆತ ಶುರುವಾಗಿತ್ತು, ಕೇಳುತ್ತಿದ್ದದ್ದು ಅವಳೊಬ್ಬಳಿಗೆ. ಆದರೂ ಕೀಳುವುದನ್ನು ಬಿಡಲಿಲ್ಲ. ಅವನು ಹತ್ತು ಹೆಜ್ಜೆ ದೂರಕ್ಕೆ ಬಂದಾಗ, ಒಂದು ಕಾಯನ್ನು ಮಡಿಲಿಗೆ ಹಾಕಿಕೊಂಡು ದಡ ಹತ್ತಿದಳು. ಹಿಂದೆಯೇ ಅವನೂ ಹತ್ತಿ ದೊಣ್ಣೆ ಎತ್ತಿದ.

"ಹೊಡೀರಿ ಮಾವ" ಎನ್ನುತ್ತ ಅವಳು ಅವನ ಬೆನ್ನ ಹಿಂದೆ ಕೈ ತೋರಿಸಿದಳು.

ತಿರುಗಿದ. ರಾಡಿ ನೀರು ಗುಡಿಸಲನ್ನು ಹೊತ್ತುಕೊಂಡು ಹೋಗುತ್ತಿತ್ತು. ಮೂರು ತಿಂಗಳ ಬಳ್ಳಿ ಕಣ್ಣೆದುರೇ ಕಾಣೆಯಾಯಿತು. ಮುದುಕ ದೊಣ್ಣೆ ಬಿಟ್ಟು ಕುಸಿದು ಕೂತ.

ಎಷ್ಟೋ ಹೊತ್ತಿನ ಮೇಲೆ ಅವಳ ಮುಂದೆ ಕೈ ಚಾಚಿದ. ಅವಳು ಮಡಿಲಿನ ಕಾಯಿ ಒಡೆದು ಕೊಟ್ಟಳು. ಒಳಗೆ ಆಗಷ್ಟೇ ಕೆಂಪು ಹತ್ತುತ್ತಿತ್ತು. ಒಂದು ತುಂಡು ಅಗಿದು ನುಂಗಿದ.

"ಇನ್ನು ಏಳೇ ದಿನ ಇತ್ತು ಕಣಮ್ಮ" ಎಂದ. ಆಮೇಲೆ ಇನ್ನೊಂದು ತುಂಡಿಗೆ ಕೈಯೊಡ್ಡಿದ.